ಬೆಳಗಿನ ಮೊದಲ ಲೀಟರ್ ನೀರನ್ನು ಪರೀಕ್ಷಿಸಿ: ಜಲಮಂಡಳಿಗಳಿಗೂ ನಿವಾಸಿಗಳ ಸಂಘಗಳಿಗೂ ಒಂದು ಬಹಿರಂಗ ಪತ್ರ

ಇವರಿಗೆ: ಬೆಂಗಳೂರು ಜಲಮಂಡಳಿಯ ಅಧ್ಯಕ್ಷರು, ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ವ್ಯವಸ್ಥಾಪಕ ನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಹಳೆಯ ಕಟ್ಟಡಗಳ ನಿವಾಸಿಗಳ ಸಂಘಗಳು.

ವಿಷಯ: ಮನೆಯೊಳಗಿನ ಕೊಳಾಯಿಯಿಂದ ಕುಡಿಯುವ ನೀರಿಗೆ ಸೇರುವ ಸೀಸ, ಮತ್ತು ಅದನ್ನು ಅಳೆಯುವ ಕ್ರಮ.

ಮಾನ್ಯರೇ,

ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳ ಪಂಪ್‌ಹೌಸ್ ದಾಟಿ, ಸುಮಾರು ನೂರು ಕಿಲೋಮೀಟರ್ ಹಾದು ಬೆಂಗಳೂರಿಗೆ ಬರುತ್ತದೆ. ಘಟಕದಲ್ಲಿ, ಜಲಾಗಾರದಲ್ಲಿ, ಬಡಾವಣೆಯ ಕೊಳವೆಯಲ್ಲಿ ಅದರ ಮಾದರಿ ತೆಗೆಯುತ್ತೀರಿ. ಕ್ಲೋರಿನ್, ಕೋಲಿಫಾರ್ಮ್, ಗಡಸುತನ, ಬಗ್ಗಡ ತಿಳಿಯಲು ಈ ಕ್ರಮ ಸರಿ. ಸೀಸ ತಿಳಿಯಲು ಸಾಲದು. ನದಿಯಿಂದ ಸೀಸ ಬರುವುದು ಅಪರೂಪ. ಅದು ನೀರಿಗೆ ಸೇರುವುದು ಹೆಚ್ಚಾಗಿ ನೀರಿನ ಮೀಟರ್ ಪೆಟ್ಟಿಗೆಯಿಂದ ಅಡುಗೆಮನೆ ನಲ್ಲಿಯವರೆಗಿನ ಕೊನೆಯ ಇಪ್ಪತ್ತು ಮೂವತ್ತು ಮೀಟರಿನಲ್ಲಿ, ಅದೂ ರಾತ್ರಿ ಎಲ್ಲರೂ ಮಲಗಿ ನೀರು ಪೈಪಿನಲ್ಲಿ ನಿಂತಿರುವ ಹೊತ್ತಿನಲ್ಲಿ. ಆದ್ದರಿಂದ ನಮ್ಮ ಮುಖ್ಯ ಕೋರಿಕೆ ಒಂದೇ: ಸೀಸದ ಪರೀಕ್ಷೆಗೆ ಮಾದರಿಯನ್ನು ಅಡುಗೆಮನೆ ನಲ್ಲಿಯಿಂದ, ಬೆಳಗ್ಗೆ ಎದ್ದು ಯಾರೂ ನೀರು ಮುಟ್ಟುವ ಮೊದಲು ತೆಗೆಯಿರಿ. ಕೆಳಗೆ ಬರೆದಿರುವುದೆಲ್ಲ ಈ ಮಾತಿಗೆ ಕಾರಣ ಮತ್ತು ವಿವರ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. 1991ರ ಮಾನಕದಲ್ಲಿ ಇದು ಐದು ಪಟ್ಟು ಸಡಿಲವಾಗಿ 0.05 ಇತ್ತು. ಗಡಸುತನಕ್ಕೆ, ಕ್ಲೋರೈಡಿಗೆ ‘ಬೇರೆ ಮೂಲ ಇಲ್ಲದಿದ್ದರೆ ಇಷ್ಟರವರೆಗೆ ಆದೀತು’ ಎನ್ನುವ ಎರಡನೆಯ ಅಂಕಿ ಇದೆ. ಸೀಸಕ್ಕೆ ಆ ವಿನಾಯಿತಿ ಇಲ್ಲ. ಒಂದೇ ಒಂದು ಗ್ರಾಂ ಸೀಸ ಕರಗಿದರೆ ಒಂದು ಲಕ್ಷ ಲೀಟರ್ ನೀರು ಈ ಮಿತಿ ಮುಟ್ಟುತ್ತದೆ. ಹನ್ನೆರಡು ಸಾವಿರ ಲೀಟರಿನ ಎಂಟು ಟ್ಯಾಂಕರಿಗಿಂತ ಹೆಚ್ಚು ನೀರು ಅದು. ಬಣ್ಣ ಬದಲಾಗದು, ರುಚಿ ಕೆಡದು, ವಾಸನೆ ಬಾರದು.

ಮಕ್ಕಳಿಗೆ ಇದು ಮಾಡುವ ಕೆಡುಕಿನ ಬಗ್ಗೆ ವೈದ್ಯರು ಸಾಕಷ್ಟು ಬರೆದಿದ್ದಾರೆ, ಹೆಚ್ಚು ಹೇಳಬೇಕಾಗಿಲ್ಲ. ಸೀಸಕ್ಕೆ ಸುರಕ್ಷಿತ ಎನ್ನಬಹುದಾದ ಮಟ್ಟವೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಹೀರಿಕೊಳ್ಳುವುದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು, ಪುಟ್ಟ ಮಕ್ಕಳದು ಸುಮಾರು ಅರ್ಧ. ಮೈಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಲ್ಲಕ್ಕಿಂತ ಹೆಚ್ಚು ಅಪಾಯ ಡಬ್ಬಿಹಾಲಿನ ಕೂಸಿಗೆ, ಏಕೆಂದರೆ ಅದರ ಊಟವೆಲ್ಲ ನಲ್ಲಿ ನೀರಿನಲ್ಲಿ ಕಲಸಿದ್ದು. ನಮ್ಮ ರಾಜ್ಯಕ್ಕೆ ಈ ಚರ್ಚೆ ಹೊಸದೂ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಸಂಗಡಿಗರು ದೇಶದ ದೊಡ್ಡ ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರ್ (100 ಮಿಲಿಲೀಟರ್) ರಕ್ತಕ್ಕೆ 10 ಮೈಕ್ರೋಗ್ರಾಂ ಮೀರಿದ ಸೀಸ ಸಿಕ್ಕಿತ್ತು. ಆಗ ದೊಡ್ಡ ಕಾರಣ ಪೆಟ್ರೋಲ್. 2000ನೇ ಇಸವಿಯಲ್ಲಿ ಸೀಸದ ಪೆಟ್ರೋಲ್ ನಿಂತಿತು. ಹೊಗೆ ಹೋದ ಮೇಲೆ ಉಳಿದ ಮೂಲಗಳ ಲೆಕ್ಕ ಈಗ ಮುಖ್ಯವಾಗುತ್ತದೆ, ನೀರು ಅವುಗಳಲ್ಲಿ ಒಂದು.

ನಮ್ಮ ಮನೆಗಳಲ್ಲಿ ಸೀಸ ಎಲ್ಲೆಲ್ಲಿ ಕೂತಿದೆ? ಇಂಗ್ಲೆಂಡಿನ ಹಳೆಯ ಮನೆಗಳಂತೆ ಉದ್ದಕ್ಕೂ ಸೀಸದ ಪೈಪ್ ಇಲ್ಲಿ ಸಾಮಾನ್ಯವಲ್ಲ. ಅದಕ್ಕೇ ‘ನಮ್ಮಲ್ಲಿ ಆ ಸಮಸ್ಯೆ ಇಲ್ಲ’ ಎನ್ನುವ ಮಾತು ಹುಟ್ಟಿಕೊಂಡಿದೆ. ಆ ಮಾತು ಅರ್ಧ ಮಾತ್ರ ನಿಜ.

ಬೀದಿಯಿಂದಲೇ ಶುರು ಮಾಡೋಣ. ಹಳೆಯ ಬೀಡುಕಬ್ಬಿಣದ ಕೊಳವೆಗಳ ಸಾಕೆಟ್ ಜೋಡಣೆಗೆ ಸಣಬಿನ ಹುರಿ ತುಂಬಿ, ಮೇಲೆ ಕಾಯಿಸಿದ ಸೀಸ ಹೊಯ್ದು ಬಡಿಯುತ್ತಿದ್ದರು. ನೀರಿಗೆ ತಾಗುವ ಭಾಗ ಕಡಿಮೆ, ಹರಿವು ಜಾಸ್ತಿ, ಹಾಗಾಗಿ ಇದರಿಂದ ಬರುವ ಪಾಲು ಸಣ್ಣದು. ಅಲ್ಲಿಂದ ಮನೆಗೆ ಸಂಪರ್ಕ ಕೊಡುವಾಗ ಫೆರೂಲಿಗೂ (ಬೀದಿ ಕೊಳವೆಗೆ ತೂತು ಕೊರೆದು ಕೂರಿಸುವ ಲೋಹದ ಜೋಡಣೆ) ಮನೆಯ ಪೈಪಿಗೂ ನಡುವೆ ಸುಮಾರು ಮುಕ್ಕಾಲು ಮೀಟರಿನ ಬಾಗಿದ ತುಂಡು, ಗೂಸ್‌ನೆಕ್. ನೆಲ ಕುಸಿದರೂ ಪೈಪ್ ಮುರಿಯದಿರಲಿ ಎಂದು ಅದನ್ನು ಮೆತ್ತನೆಯ ಸೀಸದಲ್ಲೇ ಮಾಡುವುದು ಹಿಂದಿನ ರೂಢಿ. ನಮ್ಮ ಸಿವಿಲ್ ಎಂಜಿನಿಯರಿಂಗ್ ಪಠ್ಯಗಳೂ ಹಾಗೆಯೇ ಕಲಿಸಿದವು. ಫೆರೂಲ್, ಗೇಟ್ ವಾಲ್ವುಗಳಿಗೆ ಬಳಸುವ ಗನ್‌ಮೆಟಲ್ ಎಂಬ ಕಂಚಿನ ಜಾತಿಯ ಮಿಶ್ರಲೋಹ ಭಾರತೀಯ ಮಾನಕ ಐಎಸ್ 318ರ ಎಲ್‌ಟಿಬಿ 2 ದರ್ಜೆಯದಾದರೆ ಅದರಲ್ಲಿ ಶೇ. 4ರಿಂದ 6ರಷ್ಟು ಸೀಸ ಇರುತ್ತದೆ.

ಗೇಟಿನೊಳಗೆ ಬಂದರೆ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್. ಇದನ್ನು ಯಾರೂ ಸೀಸದ ಜೊತೆ ಸೇರಿಸಿ ನೋಡುವುದಿಲ್ಲ. ಆದರೆ ಪೈಪನ್ನು ಅದ್ದಿ ತೆಗೆಯುವ ಸತು ಶುದ್ಧವಲ್ಲ. ಹಿಂದೆ ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿದ್ದ ದರ್ಜೆಯ ಸತುವಿನಲ್ಲಿ ಶೇ. 1ರ ಆಸುಪಾಸು, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಸೀಸ ಇರುತ್ತಿತ್ತು. ಮೂವತ್ತು ವರ್ಷದಲ್ಲಿ ಸತು ಸವೆದು ತುಕ್ಕು ಹಿಡಿದ ಮೇಲೆ, ಆ ತುಕ್ಕು ನೀರಿನಲ್ಲಿ ಬಂದ ಸೀಸವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮುಂದೊಂದು ದಿನ ಮೋಟರ್ ಜೋರಾಗಿ ತಳ್ಳಿದಾಗ, ವಾಲ್ವ್ ತಟ್ಟಿದಾಗ, ಪ್ಲಂಬರ್ ಪೈಪ್ ಕೊಯ್ದಾಗ ಚೂರುಚೂರಾಗಿ ಬಿಡುತ್ತದೆ. ಇನ್ನು ಜಿಐ ಪೈಪಿನ ಮರೆಗಳಿಗೆ (ತುದಿಯ ತಿರುಪಿನ ಗೆರೆಗಳಿಗೆ) ಸಣಬಿನ ನೂಲು ಸುತ್ತಿ ವೈಟ್ ಲೆಡ್ ಪೇಸ್ಟ್ ಮೆತ್ತುವುದು ದಶಕಗಳ ಕಾಲ ಸರ್ಕಾರಿ ಕಾಮಗಾರಿಯಲ್ಲೂ ನಡೆದ ಪದ್ಧತಿ. ಟೆಫ್ಲಾನ್ ಟೇಪ್ ಬಂದ ಮೇಲೂ ಹಳೆಯ ಕೈಗಳು ಅದನ್ನು ಪೂರ್ತಿ ಬಿಟ್ಟಿಲ್ಲ. ಪೇಸ್ಟಿನ ಹೆಸರಲ್ಲೇ ಸೀಸವಿದ್ದರೂ ಯಾರೂ ಓದಿ ನೋಡುವುದಿಲ್ಲ!

‘ಪ್ಲಾಸ್ಟಿಕ್ ಹಾಕಿಸಿದ್ದೇವೆ, ಚಿಂತೆಯಿಲ್ಲ’ ಎನ್ನುವವರಿಗೂ ಒಂದು ಮಾತು. ಪಿವಿಸಿ ಬಿಸಿಯಲ್ಲಿ ಒಡೆಯದಂತೆ ತಯಾರಿಕೆಯಲ್ಲಿ ಸ್ಟೆಬಿಲೈಸರ್ ಬೆರೆಸಬೇಕು. ಅಗ್ಗವೆಂದು ನಮ್ಮಲ್ಲಿ ಬಹುಕಾಲ ಬಳಸಿದ್ದು ಸೀಸದ ಲವಣಗಳನ್ನು. ಇದನ್ನು ತೆಗೆಯಲು ಕೇಂದ್ರ ಪರಿಸರ ಸಚಿವಾಲಯ ನಿಯಮ ತಂದದ್ದು 2021ರಲ್ಲಿ. ಅದಕ್ಕೂ ಹಿಂದಿನ ಬಿಳಿ, ಬೂದು ಪೈಪುಗಳು ಈಗಲೂ ನಮ್ಮ ಗೋಡೆಗಳೊಳಗಿವೆ. ಸಮಾಧಾನದ ವಿಷಯವೆಂದರೆ ಪಿವಿಸಿಯಿಂದ ಸೀಸ ಹೆಚ್ಚು ಬರುವುದು ಹೊಸತರಲ್ಲಿ. ಒಳಮೈಯಲ್ಲಿದ್ದದ್ದು ತೊಳೆದು ಹೋದಂತೆ ಇಳಿಯುತ್ತದೆ. ತಾರಸಿಯ ಮೇಲೆ ಬಿಸಿಲಿಗೆ ಬಿದ್ದು ಪುಡಿಯೇಳುವ ಪೈಪು ಮಾತ್ರ ಬೇರೆ ಮಾತು, ಅದನ್ನು ಬದಲಿಸುವುದೇ ಮೇಲು. ಬಿಸಿನೀರಿಗೂ ಬಳಸುವ ಸಿಪಿವಿಸಿ ಪೈಪಿಗೆ ಸಾಮಾನ್ಯವಾಗಿ ತವರದ ಸ್ಟೆಬಿಲೈಸರ್ ಹಾಕುತ್ತಾರೆ.

ಕೊನೆಯದು ನಲ್ಲಿ. ಹಿತ್ತಾಳೆಯನ್ನು ಲೇತಿನಲ್ಲಿ ಸಲೀಸಾಗಿ ಕಡೆಯಲು ಸೀಸ ಬೆರೆಸುತ್ತಾರೆ. ಐಎಸ್ 319ರ ಮೊದಲ ದರ್ಜೆಯ ಕಡೆಯುವ ಹಿತ್ತಾಳೆಯಲ್ಲಿ ಶೇ. 2ರಿಂದ 3.5. ಹಳೆಯ ಪಾತ್ರೆ, ಪೈಪುಗಳನ್ನು ಕರಗಿಸಿ ಎರಕ ಹೊಯ್ದ ನಲ್ಲಿಗಳಲ್ಲಿ ಎಷ್ಟಿದೆ ಎಂದು ಹೊಯ್ದವನಿಗೂ ತಿಳಿದಿರುವುದಿಲ್ಲ. ಹೊರಗಿನ ಕ್ರೋಮ್ ಲೇಪನ ಒಳಗಿನ ನೀರಿಗೆ ರಕ್ಷಣೆಯಲ್ಲ. ಹೊಸ ಹಿತ್ತಾಳೆ ನಲ್ಲಿ ಮೊದಲ ಕೆಲವು ವಾರ ಹಳೆಯದಕ್ಕಿಂತ ಹೆಚ್ಚು ಸೀಸ ಬಿಡುತ್ತದೆ ಎಂಬುದು ನೆನಪಿರಲಿ.

ಈ ಲೋಹಗಳೆಲ್ಲ ವರ್ಷಗಟ್ಟಲೆ ಒಂದೇ ಬಗೆಯ ನೀರಿಗೆ ಒಗ್ಗಿಕೊಂಡು ಒಳಮೈಯಲ್ಲಿ ಒಂದು ಪದರ ಕಟ್ಟಿಕೊಂಡಿರುತ್ತವೆ. ಕಾರ್ಬೊನೇಟ್, ಆಕ್ಸೈಡ್‌ಗಳ ಆ ಪದರ ಗಟ್ಟಿಯಾಗಿರುವಷ್ಟು ದಿನ ಸೀಸ ಹಿಡಿತದಲ್ಲಿರುತ್ತದೆ. ನೀರಿನ ಗುಣ ಬದಲಾದರೆ ಪದರವೂ ಬದಲಾಗುತ್ತದೆ. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 2000ದಲ್ಲಿ ಕ್ಲೋರಿನ್ ಬಿಟ್ಟು ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಕೂಡಿದ್ದು) ಹಾಕತೊಡಗಿದರು. ಸೋಂಕು ನಿವಾರಣೆಯ ಲೆಕ್ಕದಲ್ಲಿ ಅದು ಒಳ್ಳೆಯ ನಿರ್ಧಾರ. ಆದರೆ ಕ್ಲೋರಿನ್ ಇರುವಾಗ ಸ್ಥಿರವಾಗಿದ್ದ ಸೀಸದ ಆಕ್ಸೈಡ್ ಕರಗಿ ಮನೆಮನೆಗೆ ಹರಿಯಿತು. ಮಿಷಿಗನ್ ರಾಜ್ಯದ ಫ್ಲಿಂಟ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ಹಣ ಉಳಿಸಲೆಂದು ನೀರಿನ ಮೂಲ ಬದಲಿಸಿ, ಫ್ಲಿಂಟ್ ನದಿಯ ನೀರಿಗೆ ಸವೆತ ತಡೆಯುವ ಫಾಸ್ಫೇಟ್ ಹಾಕದೆ ಬಿಟ್ಟರು. ಒಂದು ಮನೆಯ ನಲ್ಲಿಯಲ್ಲಿ ಲೀಟರಿಗೆ 13,200 ಮೈಕ್ರೋಗ್ರಾಂ ಸಿಕ್ಕಿತು. ಅಷ್ಟಾದರೂ ಅಧಿಕೃತ ವರದಿ ಚೆನ್ನಾಗಿಯೇ ಕಾಣುತ್ತಿತ್ತು. ಮಾದರಿ ತೆಗೆಯುವ ಹಿಂದಿನ ರಾತ್ರಿ ನಲ್ಲಿ ಬಿಟ್ಟು ಪೈಪ್ ತೊಳೆಯಿರಿ ಎಂದು ನಿವಾಸಿಗಳಿಗೆ ಸೂಚನೆ ಹೋಗಿತ್ತು.

ಬೆಂಗಳೂರಿಗೆ ಈ ಎರಡು ಊರುಗಳ ಕತೆ ಏಕೆ ಬೇಕು ಎಂದರೆ, ಕಾವೇರಿ ಐದನೇ ಹಂತ. 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಈ ಯೋಜನೆ ಉದ್ಘಾಟನೆಯಾಯಿತು, ಗುರಿ ನಗರಕ್ಕೆ ಸೇರಿದ 110 ಹಳ್ಳಿಗಳು. ದಶಕಗಳ ಕಾಲ ಬೋರ್‌ವೆಲ್‌ನ ಗಡಸು ನೀರು ಕುಡಿದ ಪೈಪುಗಳಿಗೆ ಈಗ ಗಡಸುತನ ಕಡಿಮೆ ಇರುವ ನದಿನೀರು. ಎಷ್ಟೋ ಅಪಾರ್ಟ್‌ಮೆಂಟಿನಲ್ಲಿ ಸೋಮವಾರ ಕಾವೇರಿ, ಬುಧವಾರ ಬೋರ್, ಶನಿವಾರ ಟ್ಯಾಂಕರ್, ಮಳೆ ಬಂದರೆ ಮಳೆನೀರು, ಎಲ್ಲ ಒಂದೇ ಸಂಪಿಗೆ. ಮಳೆನೀರಿಗೆ ಕ್ಷಾರಗುಣ ತೀರ ಕಡಿಮೆ, ಲೋಹವನ್ನು ಬೇಗ ತಿನ್ನುತ್ತದೆ. ಇದರಿಂದ ಸೀಸ ಏರಿದೆ ಎಂದು ನಾವು ಹೇಳುತ್ತಿಲ್ಲ. ಏರಿದೆಯೋ ಇಲ್ಲವೋ ನೋಡಲು ಇದಕ್ಕಿಂತ ತಕ್ಕ ಸಮಯ ಸಿಗದು ಎನ್ನುತ್ತಿದ್ದೇವೆ. ಐದನೇ ಹಂತದ ಸಂಪರ್ಕ ಇನ್ನೂ ಸಿಗದ ಕಟ್ಟಡಗಳಲ್ಲಿ ಈಗಲೇ ಒಂದು ಮಾದರಿ, ಸಂಪರ್ಕ ಬಂದು ಒಂದು ತಿಂಗಳಿಗೆ ಮತ್ತೊಂದು, ಆರು ತಿಂಗಳಿಗೆ ಮೂರನೆಯದು. ಇಷ್ಟು ಸಾಕು ಉತ್ತರ ಸಿಗಲು.

ಹೊಸ ಕಟ್ಟಡದವರು ಹಾಂಗ್‌ಕಾಂಗ್ ಕಡೆ ನೋಡಬೇಕು. 2015ರ ಜುಲೈಯಲ್ಲಿ ಅಲ್ಲಿನ ಕೈ ಚಿಂಗ್ ಎಂಬ ಸರ್ಕಾರಿ ವಸತಿ ಸಮುಚ್ಚಯದ ನೀರಿನಲ್ಲಿ ಸೀಸ ಪತ್ತೆಯಾಯಿತು. ಹುಡುಕುತ್ತ ಹೋದಂತೆ ಒಟ್ಟು 11 ಸಮುಚ್ಚಯ. ಹಳೆಯವಲ್ಲ, ಅದಕ್ಕೆ ಕೆಲವೇ ವರ್ಷ ಹಿಂದೆ ಕಟ್ಟಿದವು. ತಾಮ್ರದ ಪೈಪಿನ ಬೆಸುಗೆಗೆ ಸೀಸವಿರುವ ಸೋಲ್ಡರ್ ಬಳಸಿದ್ದರು. ಬೇಡವೆಂದು ಟೆಂಡರಿನಲ್ಲಿ ಬರೆದಿದ್ದರೂ ಕೆಲಸದ ಜಾಗದಲ್ಲಿ ನೋಡಿದವರಿಲ್ಲ. ವಿಚಾರಣಾ ಆಯೋಗ 2016ರಲ್ಲಿ ಕೊಟ್ಟ ವರದಿಯಲ್ಲಿ ಇನ್ನೊಂದು ತಪ್ಪನ್ನೂ ಎತ್ತಿ ತೋರಿಸಿತು: ಸರ್ಕಾರ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಟ್ಟು ಮಾದರಿ ತೆಗೆದಿತ್ತು. ನಿಂತ ನೀರಿನ ಮಾದರಿ ತೆಗೆದು ಎಲ್ಲ ಕಡೆ ಮರುಪರೀಕ್ಷೆ ಆಗಬೇಕೆಂದು ಆಯೋಗ ಹೇಳಿತು.

ಈಗ ಮಾದರಿ ತೆಗೆಯುವ ಕ್ರಮ. ಇಲ್ಲಿ ಎಡವಿದರೆ ಮುಂದಿನ ಖರ್ಚೆಲ್ಲ ವ್ಯರ್ಥ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಲ್ಯಾಬಿನಿಂದಲೇ ಆಮ್ಲದಲ್ಲಿ ತೊಳೆದ ಪಾಲಿಥೀನ್ ಬಾಟಲಿ ತರಿಸಿ: 250 ಮಿಲಿಲೀಟರಿನದು ಒಂದು, ಒಂದು ಲೀಟರಿನವು ಎರಡು. ಬಾಯಿ ಅಗಲವಿರಲಿ. ಕಿರಿದಾದ ಬಾಯಿಗೆ ನೀರು ಹಿಡಿಯಲು ನಲ್ಲಿಯನ್ನು ಸಣ್ಣಗೆ ಬಿಡಬೇಕಾಗುತ್ತದೆ, ಆಗ ಜೋರು ಹರಿವಿನಲ್ಲಿ ಕಿತ್ತು ಬರುವ ತುಕ್ಕಿನ ಚೂರು ಬಾರದೆ ಉಳಿಯುತ್ತದೆ. ನೀರು ಪೈಪಿನಲ್ಲಿ ಕನಿಷ್ಠ 6 ಗಂಟೆ ನಿಂತಿರಬೇಕು, ರಾತ್ರಿ ಹನ್ನೊಂದರಿಂದ ಬೆಳಗಿನ ಐದೂವರೆಯವರೆಗೆ ಎಂದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಸ್ನಾನದ ಮನೆ, ಪಾಯಿಖಾನೆಯ ಫ್ಲಷ್, ವಾಷಿಂಗ್ ಮಷಿನ್ ಯಾವುದೂ ನಡೆಯಬಾರದು. ಹಿಂದಿನ ರಾತ್ರಿ ಮಾಮೂಲಿಯಂತೆ ನೀರು ಬಳಸಿ, ಪರೀಕ್ಷೆಗೆಂದು ನಲ್ಲಿ ಬಿಟ್ಟು ತೊಳೆಯಬೇಡಿ. ನಲ್ಲಿಯ ತುದಿಯ ಜಾಲರಿ ಬಿಚ್ಚಬೇಡಿ. ಆರ್‌ಒ ಯಂತ್ರದ ನೀರು ಬೇಡ, ನೇರ ನಲ್ಲಿಯದೇ ಆಗಬೇಕು. ಬೆಳಗ್ಗೆ 250 ಮಿಲಿಲೀಟರಿನ ಬಾಟಲಿ ಹಿಡಿದು, ಕೊಡ ತುಂಬಿಸುವಾಗ ಬಿಡುವಷ್ಟೇ ಜೋರಾಗಿ ನಲ್ಲಿ ತಿರುಗಿಸಿ, ಮೊದಲ ಹನಿಯಿಂದ ತುಂಬಿಸಿ. ಒಂದು ಹನಿಯೂ ಸಿಂಕಿಗೆ ಹೋಗದಂತೆ ಒಂದು ಲೀಟರಿನ ಬಾಟಲಿಗೆ ಬದಲಾಯಿಸಿ. ಅದಾದ ಮೇಲೆ ಐದು ನಿಮಿಷ ಹರಿಸಿ (ಬಕೆಟಿಗೆ ಹಿಡಿದುಕೊಳ್ಳಿ, ಚೆಲ್ಲುವುದು ಬೇಡ) ಮೂರನೆಯದನ್ನು ತುಂಬಿಸಿ. ಮೂರಕ್ಕೂ ಹೊತ್ತು ಬರೆದು ಚೀಟಿ ಅಂಟಿಸಿ.

ಈ ಮೂರು ಬಾಟಲಿಗೆ ಅರ್ಥವಿದೆ. ಅರ್ಧ ಇಂಚಿನ ಜಿಐ ಪೈಪು ಮೀಟರಿಗೆ 0.2 ಲೀಟರ್ ನೀರು ಹಿಡಿಯುತ್ತದೆ. ಹಾಗಾಗಿ ಮೊದಲ 250 ಮಿಲಿಲೀಟರ್ ಎಂದರೆ ನಲ್ಲಿ ಮತ್ತು ಅದರ ಹಿಂದಿನ ಒಂದು ಮೀಟರ್. ಮುಂದಿನ ಲೀಟರ್ ಎಂದರೆ ಅದರಾಚೆಯ ಐದು ಮೀಟರ್, ಅಲ್ಲಿನ ಎಲ್ಬೋ, ಯೂನಿಯನ್, ಸ್ಟಾಪ್ ಕಾಕ್ ಸಹಿತ. ಹರಿಸಿದ ನೀರು ಟ್ಯಾಂಕಿನದು. ಮೊದಲನೆಯದರಲ್ಲಿ ಮಾತ್ರ ಸೀಸ ಹೆಚ್ಚಿದ್ದರೆ ತಪ್ಪು ನಲ್ಲಿಯದು, ನಲ್ಲಿ ಬದಲಿಸಿದರೆ ಮುಗಿಯಿತು. ಮೊದಲೆರಡೂ ಹೆಚ್ಚಿದ್ದು ಮೂರನೆಯದು ಕಡಿಮೆಯಿದ್ದರೆ ಒಳಗಿನ ಪೈಪು ಅಥವಾ ವಾಲ್ವ್. ಮೂರೂ ಹೆಚ್ಚಿದ್ದರೆ ಮೇಲಿನ ಟ್ಯಾಂಕ್, ಸಂಪು, ಮೋಟರಿನ ಕಂಚಿನ ಭಾಗ, ಬೀದಿಯ ಸಂಪರ್ಕ ಇವುಗಳತ್ತ ತಿರುಗಬೇಕು, ಸಂಪಿಗೆ ನೀರು ಬೀಳುವ ಬಾಯಲ್ಲೇ ನಾಲ್ಕನೇ ಮಾದರಿ ತೆಗೆಯಬೇಕು. ಇವತ್ತು 4, ನಾಡಿದ್ದು 60, ಮತ್ತೆ 7 ಎಂದು ಅಂಕಿ ಕುಣಿದರೆ ಅದು ಚೂರುಗಳ ರೂಪದ ಸೀಸ. ಇಂಥ ಕಡೆ ಒಂದು ಒಳ್ಳೆಯ ವರದಿ ನೋಡಿ ನಿಶ್ಚಿಂತರಾಗಬಾರದು.

ಲ್ಯಾಬಿನವರನ್ನು ಕೇಳಬೇಕಾದ್ದು ಮೂರು ಸಂಗತಿ. ಯಂತ್ರ ಯಾವುದು? ಐಸಿಪಿ-ಎಂಎಸ್ ಅಥವಾ ಗ್ರಾಫೈಟ್ ಫರ್ನೇಸ್ ಎಎಎಸ್ ಆಗಬೇಕು. ಬೆಂಕಿಯ ಜ್ವಾಲೆಯ ಎಎಎಸ್‌ಗೆ ನೇರವಾಗಿ ಇಷ್ಟು ಸಣ್ಣ ಪ್ರಮಾಣ ಕಾಣದು. ಅಳೆಯಬಲ್ಲ ಕನಿಷ್ಠ ಪ್ರಮಾಣ ಎಷ್ಟು? ಲೀಟರಿಗೆ 0.001 ಮಿಲಿಗ್ರಾಂ ಇದ್ದರೆ ಒಳ್ಳೆಯದು. ವರದಿಯಲ್ಲಿ ‘ಬಿಡಿಎಲ್’ (ಯಂತ್ರ ಅಳೆಯಬಲ್ಲ ಕನಿಷ್ಠಕ್ಕಿಂತ ಕಡಿಮೆ) ಎಂದಷ್ಟೇ ಬರೆದು, ಆ ಕನಿಷ್ಠ ಪ್ರಮಾಣವೇ 0.05 ಆಗಿದ್ದರೆ, ಮಿತಿಯ ನಾಲ್ಕು ಪಟ್ಟು ಸೀಸವಿದ್ದರೂ ಅದೇ ‘ಬಿಡಿಎಲ್’ ಬರುತ್ತದೆ. ಇಂಥ ಕಾಗದ ಹಿಡಿದು ಸಂಘದ ಸಭೆಯಲ್ಲಿ ‘ನಮ್ಮ ನೀರು ಶುದ್ಧ’ ಎನ್ನುವುದು ನಗೆಪಾಟಲು. ಮೂರನೆಯದು, ಮಾದರಿ ಸೋಸುತ್ತೀರಾ? ಸೋಸಿದರೆ ಚೂರಿನಲ್ಲಿರುವ ಸೀಸ ಸೋಸುಕಾಗದದಲ್ಲೇ ಉಳಿಯುತ್ತದೆ. ಸೋಸದೆ ನೈಟ್ರಿಕ್ ಆಮ್ಲ ಬೆರೆಸಿ ಪಿಹೆಚ್ 2ಕ್ಕಿಂತ ಕೆಳಗಿಳಿಸಿ, ಕನಿಷ್ಠ 16 ಗಂಟೆ ಬಿಟ್ಟು, ಒಟ್ಟು ಸೀಸ ಅಳೆಯಬೇಕು. ಲ್ಯಾಬುಗಳಿಗೆ ಕೊಡುವ ರಾಷ್ಟ್ರೀಯ ಮಾನ್ಯತೆಯಾದ ಎನ್‌ಎಬಿಎಲ್ ನೋಡುವಾಗಲೂ ಆ ಮಾನ್ಯತೆ ನೀರಿನ ಸೀಸಕ್ಕೇ ಇದೆಯೇ ಎಂದು ಪಟ್ಟಿ ತೆರೆದು ನೋಡಿ.

ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ ತೋರಿಸುವ ಟಿಡಿಎಸ್ ಮೀಟರ್ ಇದಕ್ಕೆ ನಿರುಪಯೋಗಿ. ನೀರಿನ ಟಿಡಿಎಸ್ ಲೀಟರಿಗೆ 300 ಮಿಲಿಗ್ರಾಂ ಇದ್ದರೆ ಮಿತಿ ಮುಟ್ಟಿದ ಸೀಸ ಅದರಲ್ಲಿ ಮೂವತ್ತು ಸಾವಿರದಲ್ಲಿ ಒಂದು ಪಾಲು. ಪೆನ್ನಿನಂಥ ಆ ಮೀಟರ್ ತೋರಿಸಿ ವ್ಯಾಪಾರ ಮಾಡುವವರು ಸೀಸದ ಮಾತೆತ್ತಿದರೆ ನಂಬಬೇಡಿ.

ವರದಿ ಬರುವವರೆಗೆ ಮನೆಯವರು ಏನು ಮಾಡಬೇಕು? ಕುಡಿಯಲು, ಅಡುಗೆಗೆ ಹಿಡಿಯುವ ಮೊದಲು ನಿಂತ ನೀರನ್ನು ತೆಗೆದುಬಿಡಿ. ಎಷ್ಟು ಎನ್ನುವುದಕ್ಕೆ ಲೆಕ್ಕ ಇದೆ. ಮೇಲಿನ ಟ್ಯಾಂಕಿನಿಂದ ಒಂದು ಇಂಚಿನ ಪೈಪು 9 ಮೀಟರ್ (ಮೀಟರಿಗೆ 0.58 ಲೀಟರ್), ಮುಕ್ಕಾಲು ಇಂಚಿನದು 4 ಮೀಟರ್ (0.37), ಅರ್ಧ ಇಂಚಿನದು 3 ಮೀಟರ್ ಎಂದರೆ ಒಳಗಿರುವುದು ಸುಮಾರು ಏಳೂಕಾಲು ಲೀಟರ್. ಎರಡು ಪಟ್ಟು ತೆಗೆದರೆ ಹದಿನೈದು, ಅಂದರೆ ಒಂದು ಬಕೆಟ್. ಅದು ನೆಲ ಒರೆಸಲು, ಬಟ್ಟೆ ನೆನೆಸಲು ಆಗುತ್ತದೆ. ಅದೇ ಪೈಪಿನಿಂದ ಯಾರಾದರೂ ಆಗಲೇ ಸ್ನಾನ ಮಾಡಿದ್ದರೆ ದೊಡ್ಡ ಪೈಪು ಖಾಲಿಯಾಗಿ ತುಂಬಿದೆ ಎಂದರ್ಥ, ಅಡುಗೆಮನೆಯ ಕವಲಿನ ಎರಡು ಮೂರು ಲೀಟರ್ ತೆಗೆದರೆ ಸಾಕು. ಆಮೇಲೆ ಇಡೀ ದಿನಕ್ಕೆ ಬೇಕಾದ ಕುಡಿಯುವ ನೀರನ್ನು ಸ್ಟೀಲ್ ಕೊಡದಲ್ಲಿ ಒಮ್ಮೆಗೇ ತುಂಬಿಟ್ಟುಕೊಳ್ಳಿ. ಹಿಂದೆ ಎಲ್ಲ ಮನೆಯಲ್ಲೂ ಇದ್ದ ಅಭ್ಯಾಸವೇ.

ಗ್ಯಾಸ್ ಉಳಿಸಲು ಗೀಸರಿನ, ಸೋಲಾರಿನ ಬಿಸಿನೀರನ್ನೇ ಅನ್ನಕ್ಕೆ, ಬೇಳೆಗೆ ಇಡುವವರಿದ್ದಾರೆ. ಬಿಟ್ಟುಬಿಡಿ. ಬಿಸಿನೀರು ಲೋಹವನ್ನು ಹೆಚ್ಚು ಕರಗಿಸುತ್ತದೆ. ಕುದಿಸುವುದರಿಂದಲೂ ಸೀಸ ಹೋಗದು, ಒಂದು ಲೀಟರ್ ಕುದಿದು 900 ಮಿಲಿಲೀಟರಿಗೆ ಇಳಿದರೆ 10 ಇದ್ದದ್ದು 11 ಆಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ, ಯುಎಫ್ ಕರಗಿದ ಸೀಸವನ್ನು ತಡೆಯುವುದಿಲ್ಲ. ಆರ್‌ಒ ತಡೆಯುತ್ತದೆ. ಆದರೆ ನಮ್ಮ ಮಾರುಕಟ್ಟೆಯ ಅನೇಕ ಆರ್‌ಒ ಯಂತ್ರಗಳಲ್ಲಿ ‘ಟಿಡಿಎಸ್ ಕಂಟ್ರೋಲರ್’ ಎಂಬ ಸಣ್ಣ ತಿರುಪು ಇರುತ್ತದೆ. ರುಚಿ ಬರಲೆಂದು ಪೊರೆಯ ಮೂಲಕ ಹೋಗದ ನೀರನ್ನು ಅದು ಸ್ವಲ್ಪ ಬೆರೆಸುತ್ತದೆ, ಸೀಸವೂ ಅದರ ಬೆನ್ನಿಗೆ ಬರುತ್ತದೆ. ಸೀಸ ಸಿಕ್ಕ ಮನೆಯಲ್ಲಿ ಸರ್ವೀಸಿನವರನ್ನು ಕರೆಸಿ ಅದನ್ನು ಪೂರ್ತಿ ಮುಚ್ಚಿಸಿ. ಆರ್‌ಒ ನೀರು ಲೋಹವನ್ನು ತಿನ್ನುವ ನೀರು, ಯಂತ್ರದಾಚೆ ಹಿತ್ತಾಳೆಯ ನಲ್ಲಿಯಾಗಲಿ ಕಲಾಯಿ ಮಾಡಿದ ಪಾತ್ರೆಯಾಗಲಿ ಬೇಡ. ಕಲಾಯಿಯ ತವರಕ್ಕೆ ಸೀಸ ಬೆರೆಸುವುದು ಹಳೆಯ ಮೋಸ.

ಬದಲಿಸುವ ಕೆಲಸಕ್ಕೆ ಇಳಿದರೆ ಮೊದಲು ಅಡುಗೆಮನೆ ನಲ್ಲಿ. ಕಡಿಮೆ ಖರ್ಚಿನಲ್ಲಿ ಪಿಟಿಎಂಟಿ ಪ್ಲಾಸ್ಟಿಕ್ ನಲ್ಲಿ, ಸ್ವಲ್ಪ ಹೆಚ್ಚಾದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಹಿತ್ತಾಳೆಯೇ ಬೇಕೆಂದರೆ ನೀರು ತಾಗುವ ಭಾಗದಲ್ಲಿ ಸೀಸ ಶೇ. 0.25 ಮೀರದ್ದು ಎಂದು ಲಿಖಿತವಾಗಿ ಕೊಡುವುದನ್ನು ಕೊಳ್ಳಿ. ಅಮೆರಿಕದಲ್ಲಿ 2014ರಿಂದ ಕಾನೂನು ಇರುವುದೇ ಹೀಗೆ. ಜಿಐ ಪೈಪನ್ನು ತುಂಡುತುಂಡಾಗಿ ಬದಲಿಸುವುದು, ಅದರಲ್ಲೂ ನಡುವೆ ತಾಮ್ರದ ತುಂಡು ಸೇರಿಸುವುದು ಕೆಟ್ಟ ಉಪಾಯ: ಎರಡು ಲೋಹ ಕೂಡಿದಲ್ಲಿ ಸವೆತ ಜೋರಾಗುತ್ತದೆ. ಪೈಪ್ ಕೊಯ್ದು ಮರೆ ಹಾಕುವಾಗ ಉದುರಿದ ತುಕ್ಕು ಜಾಲರಿಯಲ್ಲಿ ಕೂರುತ್ತದೆ. ಕೆಲಸ ಮುಗಿದ ದಿನವೇ ಮನೆಯ ಎಲ್ಲ ಜಾಲರಿ ಬಿಚ್ಚಿ, ಎಲ್ಲ ನಲ್ಲಿ ಪೂರ್ತಿ ತಿರುಗಿಸಿ ಅರ್ಧ ಗಂಟೆ ಹರಿಸಿ, ಜಾಲರಿ ತೊಳೆದು ಹಾಕಿ. ಮುಂದೆ ಮೂರು ತಿಂಗಳಿಗೊಮ್ಮೆ ಜಾಲರಿ ತೊಳೆಯುವುದು ವಾಡಿಕೆಯಾಗಲಿ.

ಮೀಟರಿನ ಬಳಿ ಮಣ್ಣಿನಿಂದ ಮೇಲೆದ್ದ ತುಂಡು ಸೀಸದ್ದೇ ಎಂದು ತಿಳಿಯಲು ಒಂದು ನಾಣ್ಯ, ಒಂದು ಆಯಸ್ಕಾಂತ ಸಾಕು. ಕೆರೆದರೆ ಬೆಳ್ಳಿಯಂತೆ ಹೊಳೆದು, ಆಯಸ್ಕಾಂತ ಹಿಡಿಯದೆ, ತಟ್ಟಿದರೆ ಠಣ್ಣೆನ್ನದೆ ಇದ್ದರೆ ಸೀಸ. ಆಯಸ್ಕಾಂತ ಹಿಡಿದರೆ ಜಿಐ. ಲಂಡನ್ನಿನಲ್ಲೋ ಷಿಕಾಗೊದಲ್ಲೋ ಹಳೆಯ ಮನೆ ಕೊಂಡ, ಬಾಡಿಗೆ ಹಿಡಿದ ಕನ್ನಡಿಗರೂ ಇದನ್ನು ಮಾಡಿ ನೋಡಬಹುದು. ಬ್ರಿಟನ್ನಿನಲ್ಲಿ 1970ಕ್ಕೆ ಮೊದಲಿನ ಮನೆ, ಅಮೆರಿಕದಲ್ಲಿ 1986ಕ್ಕೆ ಮೊದಲಿನದಾದರೆ ಬೀದಿಯಿಂದ ಬರುವ ಪೈಪೇ ಸೀಸದ್ದಿರುವ ಸಾಧ್ಯತೆ ಇದೆ.

ಮಂಡಳಿಗಳಿಂದ ನಾವು ಫಾಸ್ಫೇಟ್ ಕೇಳುತ್ತಿಲ್ಲ. ಸೀಸದ ಪೈಪುಗಳ ಊರಲ್ಲಿ ಅದು ಕೆಲಸ ಮಾಡಿದೆ, ಸರಿ. ನಮ್ಮಲ್ಲಿ ನೀರು ದಿನ ಬಿಟ್ಟು ದಿನ ಬಂದು, ಸಂಪಿನಲ್ಲಿ ನಿಂತು, ಬೋರಿನ ನೀರಿನೊಂದಿಗೆ ಬೆರೆಯುತ್ತದೆ. ಅಳತೆಯೇ ಇಲ್ಲದೆ ಔಷಧಿ ಸುರಿಯುವುದು ದುಡ್ಡು ದಂಡ. ಕೇಳುತ್ತಿರುವುದು ಇಷ್ಟು. ಸೀಸದ ಮಾದರಿಗೆ ಮೇಲೆ ಹೇಳಿದ ನಿಂತ ನೀರಿನ ಕ್ರಮವನ್ನು ಸುತ್ತೋಲೆಯ ಮೂಲಕ ಕಡ್ಡಾಯ ಮಾಡಿ, ಫಲಿತಾಂಶವನ್ನು ವಾರ್ಡುವಾರು, ಲ್ಯಾಬಿನ ಕನಿಷ್ಠ ಅಳತೆಯೊಂದಿಗೆ ಪ್ರಕಟಿಸಿ. ರಸ್ತೆ ಅಗೆದು ಹಳೆಯ ಸಂಪರ್ಕ ಬದಲಿಸುವ ಪ್ರತಿ ಸಲವೂ ಹೊರಬಂದ ಫೆರೂಲ್, ಗೂಸ್‌ನೆಕ್ ಯಾವ ಲೋಹದ್ದೆಂದು ಒಂದು ಸಾಲು ಬರೆದಿಡಲು ಗುತ್ತಿಗೆದಾರರಿಗೆ ಹೇಳಿ. ಎರಡು ವರ್ಷದಲ್ಲಿ ನಿಮ್ಮ ಕೈಯಲ್ಲಿ ನಕ್ಷೆಯೇ ಇರುತ್ತದೆ. ಪರವಾನಗಿ ಪಡೆದ ಪ್ಲಂಬರುಗಳಿಗೆ ವೈಟ್ ಲೆಡ್ ಪೇಸ್ಟನ್ನೂ ಸೀಸದ ಸೋಲ್ಡರನ್ನೂ ನಿಷೇಧಿಸಿ. ಹೊಸ ಕಟ್ಟಡಕ್ಕೆ ಕಾವೇರಿ ಸಂಪರ್ಕ ಕೊಡುವ ಮೊದಲು ನೂರು ಫ್ಲ್ಯಾಟಿಗೆ ಕನಿಷ್ಠ ಐದರಂತೆ ಅಡುಗೆಮನೆ ನಲ್ಲಿಯ ವರದಿ ಕೇಳಿ, ಯಾವ ಫ್ಲ್ಯಾಟ್ ಎಂಬುದನ್ನು ಬಿಲ್ಡರ್ ಅಲ್ಲ, ನೀವು ಆರಿಸಿ.

ಶಾಲೆ, ಅಂಗನವಾಡಿಗಳನ್ನು ಮೊದಲ ಸುತ್ತಿಗೇ ಇಟ್ಟುಕೊಳ್ಳಿ. ಶನಿವಾರ ಮಧ್ಯಾಹ್ನ ನಿಂತ ನೀರು ಸೋಮವಾರ ಬೆಳಗಿನ ಪ್ರಾರ್ಥನೆಯವರೆಗೆ ಪೈಪಿನಲ್ಲೇ ಇರುತ್ತದೆ. ದಸರಾ ರಜೆಯಾದರೆ ವಾರಗಟ್ಟಲೆ. ಸಾಲು ನಲ್ಲಿಗಳ ಹಿತ್ತಾಳೆ, ವಾಟರ್ ಕೂಲರಿನೊಳಗಿನ ಬೆಸುಗೆ, ಅಕ್ಷರ ದಾಸೋಹದ ಅಡುಗೆಮನೆ ಇವೆಲ್ಲ ಒಂದೇ ಟ್ಯಾಂಕಿನಿಂದ. ಅಮೆರಿಕ 1988ರಲ್ಲೇ ಸೀಸದ ಬೆಸುಗೆಯ ವಾಟರ್ ಕೂಲರುಗಳ ವಿರುದ್ಧ ಪ್ರತ್ಯೇಕ ಕಾನೂನು ಮಾಡಿತ್ತು. ಪ್ರತಿ ಶಾಲೆಯಲ್ಲಿ ಮಕ್ಕಳು ಹೆಚ್ಚು ಕುಡಿಯುವ ನಲ್ಲಿಯೊಂದು, ಅಡುಗೆಮನೆಯದೊಂದು, ಕೂಲರಿದ್ದರೆ ಅದರದೊಂದು. ಸೋಮವಾರ ಬೆಳಗ್ಗೆ ಗೇಟು ತೆರೆದ ಕೂಡಲೇ 250 ಮಿಲಿಲೀಟರ್. 10 ಮೀರಿದ ನಲ್ಲಿಗೆ ಅಂದೇ ಪ್ಲಗ್ ಹಾಕಿಸಿ ಪಿಟಿಎಂಟಿ ನಲ್ಲಿ ಕೂರಿಸಿ, ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ. ಅಲ್ಲಿಯವರೆಗೆ ಬಿಸಿಯೂಟದ ಸಿಬ್ಬಂದಿ ಅಕ್ಕಿ ತೊಳೆಯುವ ಮೊದಲು ಎರಡು ಬಕೆಟ್ ನೀರು ತೆಗೆದು ಕೈತೋಟಕ್ಕೆ ಹಾಕಲಿ.

ಇಂತಿ,
ನೀರಿನ ಪರೀಕ್ಷೆ ಹಾಗೂ ಕೊಳಾಯಿ ಕೆಲಸದಲ್ಲಿರುವ ನಾವು